ಅಕ್ಟೋಬರ್‌ನ ತೀರ್ಪು: ಬೇಸ್‌ಬಾಲ್‌ನಲ್ಲಿ ಗೆದ್ದ ತಂಡವೇ ಶ್ರೇಷ್ಠ ತಂಡವೇ?

1960ರ ಅಕ್ಟೋಬರ್ 13. ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್‌ನಲ್ಲಿ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯ. ಎರಡೂ ತಂಡಗಳು ಮೂರು ಮೂರು ಗೆದ್ದು ನಿಂತಿದ್ದವು. ಎಂಟನೆಯ ಇನಿಂಗ್ಸ್‌ನ ಕೊನೆಯರ್ಧ ಶುರುವಾದಾಗ ನ್ಯೂಯಾರ್ಕ್ ಯಾಂಕೀಸ್ 7–4ರಿಂದ ಮುಂದಿತ್ತು. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಬಿಲ್ ವರ್ಡನ್ ಹೊಡೆದ ಚೆಂಡು ನೆಲ ಹಿಡಿದು ಸೀದಾ ಯಾಂಕೀಸ್ ಫೀಲ್ಡರ್ ಟೋನಿ ಕ್ಯೂಬೆಕ್ ಕಡೆಗೆ ಬಂತು. ಹಿಡಿದು ಎಸೆದರೆ ಇಬ್ಬರು ಔಟ್. ಕೈಗೆ ಸಿಗುವ ಮುನ್ನ ಅದು ಮಣ್ಣಿನಲ್ಲಿದ್ದ ಯಾವುದೋ ಹರಳಿಗೆ ತಾಗಿ ಚಿಮ್ಮಿ ಕ್ಯೂಬೆಕ್ ಗಂಟಲಿಗೆ ಬಡಿಯಿತು. ಅವರು ಕುಸಿದು ಬಿದ್ದರು. ಔಟಾಗಬೇಕಿದ್ದ ಇಬ್ಬರೂ ಉಳಿದುಕೊಂಡರು, ಪೈರೇಟ್ಸ್ ಆ ಇನಿಂಗ್ಸ್‌ನಲ್ಲಿ ಐದು ರನ್ ಬಾಚಿಕೊಂಡಿತು. ಯಾಂಕೀಸ್ ಮತ್ತೆ ಬೆನ್ನಟ್ಟಿ 9–9 ಮಾಡಿತು. ಒಂಬತ್ತನೆಯ ಇನಿಂಗ್ಸ್‌ನ ಕೊನೆಯರ್ಧದಲ್ಲಿ ಮೊದಲು ಬ್ಯಾಟ್ ಹಿಡಿದು ಬಂದ ಬಿಲ್ ಮ್ಯಾಜೆರೋಸ್ಕಿ ಎಡಗಡೆಯ ಗೋಡೆಯಾಚೆಗೆ ಹೋಮ್ ರನ್ ಹೊಡೆದರು. 10–9. ಪೈರೇಟ್ಸ್ ಚಾಂಪಿಯನ್.

ಆ ಏಳು ಪಂದ್ಯಗಳ ರನ್‌ಗಳನ್ನು ಕೂಡಿಸಿ ನೋಡಿದರೆ ಯಾಂಕೀಸ್ 55, ಪೈರೇಟ್ಸ್ 27. ಯಾಂಕೀಸ್ ಗೆದ್ದ ಮೂರು ಪಂದ್ಯಗಳು 16–3, 10–0, 12–0. ಸೋತ ನಾಲ್ಕರಲ್ಲಿ ಒಂದರಲ್ಲೂ ಅಂತರ ಮೂರು ರನ್ ದಾಟಲಿಲ್ಲ. ಸರಣಿಶ್ರೇಷ್ಠ ಪ್ರಶಸ್ತಿ ಸೋತ ತಂಡದ ಬಾಬಿ ರಿಚರ್ಡ್‌ಸನ್ ಅವರಿಗೆ ಸಂದಿತು. ವರ್ಲ್ಡ್ ಸೀರೀಸ್‌ನಲ್ಲಿ ಹಾಗಾದದ್ದು ಅದೊಂದೇ ಸಲ. ಐದು ದಿನ ಕಳೆಯುವಷ್ಟರಲ್ಲಿ ಯಾಂಕೀಸ್ ತನ್ನ ಮ್ಯಾನೇಜರ್ ಕೇಸಿ ಸ್ಟೆಂಗೆಲ್ ಅವರನ್ನು ಮನೆಗೆ ಕಳಿಸಿತು. ಹನ್ನೆರಡು ವರ್ಷಗಳಲ್ಲಿ ಹತ್ತು ಸಲ ಲೀಗ್ ಗೆದ್ದು, ಏಳು ಸಲ ವರ್ಲ್ಡ್ ಸೀರೀಸ್ ತಂದುಕೊಟ್ಟವರು ಅವರು.

ಹಾಗಾದರೆ 1960ರ ಶ್ರೇಷ್ಠ ತಂಡ ಯಾವುದು? ಅಮೆರಿಕದ ಬೇಸ್‌ಬಾಲ್ ಈ ಪ್ರಶ್ನೆಯನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಹೊತ್ತು ನಡೆದಿದೆ. ಇದನ್ನು ಬರೀ ಅಭಿಮಾನಿಗಳ ಕಟ್ಟೆಹರಟೆ ಎಂದು ನಾನು ಎಣಿಸುವುದಿಲ್ಲ. ಉತ್ತರದ ಮೇಲೆ ಜನರ ಕೆಲಸ ನಿಂತಿದೆ, ಆಟಗಾರರ ಹೆಸರು ನಿಂತಿದೆ, ಯಾವ ತಂಡವನ್ನು ಚರಿತ್ರೆ ನೆನಪಿಡುತ್ತದೆ ಎಂಬುದೂ ನಿಂತಿದೆ.

ಲೀಗ್ ಗೆಲ್ಲುವುದೇ ಗೆಲುವಾಗಿದ್ದ ಕಾಲ

ಮೊದಲಿಗೆ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನ್ಯಾಷನಲ್ ಲೀಗ್‌ನಲ್ಲಿ ವಸಂತದಿಂದ ಶರತ್ಕಾಲದವರೆಗೆ ಆಡಿ ಮೊದಲ ಸ್ಥಾನ ಪಡೆದ ತಂಡಕ್ಕೆ ಪೆನಂಟ್, ಅಂದರೆ ಲೀಗ್ ಪತಾಕೆ. ಅದೇ ಚಾಂಪಿಯನ್ ಪಟ್ಟ. 1894ರಲ್ಲಿ ಪಿಟ್ಸ್‌ಬರ್ಗ್‌ನ ವಿಲಿಯಂ ಟೆಂಪಲ್ ಒಂದು ಬೆಳ್ಳಿ ಕಪ್ ಕೊಟ್ಟರು. ಮೊದಲ ಮತ್ತು ಎರಡನೆಯ ಸ್ಥಾನದ ತಂಡಗಳು ಋತು ಮುಗಿದ ಮೇಲೆ ಅದಕ್ಕಾಗಿ ಆಡಬೇಕು. ನಾಲ್ಕು ವರ್ಷ ನಡೆದ ಈ ಟೆಂಪಲ್ ಕಪ್‌ನಲ್ಲಿ ಮೂರು ಸಲ ಗೆದ್ದದ್ದು ಎರಡನೆಯ ಸ್ಥಾನದ ತಂಡ. ಹಾಗಂತ ಅವರನ್ನು ಯಾರೂ ಲೀಗ್‌ನ ಶ್ರೇಷ್ಠರೆಂದು ಕರೆಯಲಿಲ್ಲ. ಪತಾಕೆ ಗೆದ್ದವರಿಗೆ ಕಪ್ ಬೇಕಿರಲಿಲ್ಲ, ಕಪ್ ಗೆದ್ದವರಿಗೆ ಮಾನ್ಯತೆ ಸಿಗಲಿಲ್ಲ. ಕಪ್ ನಿಂತುಹೋಯಿತು.

1901ರಲ್ಲಿ ಅಮೆರಿಕನ್ ಲೀಗ್ ಎದುರು ನಿಂತಾಗ ಪರಿಸ್ಥಿತಿ ಬದಲಾಯಿತು. ಎರಡು ಲೀಗ್, ಇಬ್ಬರು ಚಾಂಪಿಯನ್ನರು, ಇಬ್ಬರ ನಡುವೆ ಒಂದೂ ಪಂದ್ಯವಿಲ್ಲ. 1903ರಲ್ಲಿ ಪಿಟ್ಸ್‌ಬರ್ಗ್ ಮತ್ತು ಬಾಸ್ಟನ್ ತಂಡಗಳ ಮಾಲೀಕರು ತಾವೇ ಮಾತಾಡಿಕೊಂಡು ಒಂಬತ್ತು ಪಂದ್ಯಗಳ ಸರಣಿ ಗೊತ್ತುಮಾಡಿದರು. ಹೊಸ ಲೀಗ್‌ನ ಬಾಸ್ಟನ್ 5–3ರಿಂದ ಗೆದ್ದಿತು. ಮರುವರ್ಷ ನ್ಯಾಷನಲ್ ಲೀಗ್ ಗೆದ್ದ ನ್ಯೂಯಾರ್ಕ್ ಜೈಂಟ್ಸ್ ಆಡಲು ಒಪ್ಪಲೇ ಇಲ್ಲ. ತಮ್ಮದೇ ದೊಡ್ಡ ಲೀಗ್, ಅದನ್ನು ಗೆದ್ದ ಮೇಲೆ ಇನ್ನೇನು ಸಾಬೀತು ಮಾಡಬೇಕು ಎಂಬುದು ಮಾಲೀಕ ಜಾನ್ ಬ್ರಷ್ ಮತ್ತು ಮ್ಯಾನೇಜರ್ ಜಾನ್ ಮೆಗ್ರಾ ಅವರ ನಿಲುವು. ಟೀಕೆಗೆ ಮಣಿದು 1905ರಲ್ಲಿ ಆಡಿದರು. ಅಲ್ಲಿಂದ ವರ್ಲ್ಡ್ ಸೀರೀಸ್ ಬೇರೂರಿತು.

ಆ ಕಾಲದ ಸರಣಿಗೆ ಒಂದು ಬಲವಾದ ಸಮರ್ಥನೆ ಇತ್ತು ಎಂಬುದನ್ನು ನಾವು ಮರೆಯುತ್ತೇವೆ. ಎರಡು ಲೀಗ್‌ಗಳನ್ನು ತಾಳೆ ನೋಡಲು ಅದೊಂದೇ ಸೇತುವೆ. 1906ರಲ್ಲಿ ಶಿಕಾಗೋ ಕಬ್ಸ್ 116 ಗೆದ್ದು 36 ಸೋತಿತ್ತು. 93 ಗೆದ್ದಿದ್ದ ಅದೇ ಊರಿನ ವೈಟ್ ಸಾಕ್ಸ್ ಬ್ಯಾಟಿಂಗ್ ಸರಾಸರಿ .230, ಅಮೆರಿಕನ್ ಲೀಗ್‌ನಲ್ಲೇ ಎಲ್ಲರಿಗಿಂತ ಕೆಳಗೆ. ಸರಣಿಯಲ್ಲಿ ವೈಟ್ ಸಾಕ್ಸ್ 4–2ರಿಂದ ಗೆದ್ದಿತು. ಆದರೆ ಒಂದು ಲೀಗ್‌ನ 116 ಗೆಲುವು ಇನ್ನೊಂದು ಲೀಗ್‌ನ 93ಕ್ಕಿಂತ ಎಷ್ಟು ತೂಕದ್ದು ಎಂದು ಹೇಳಲು ಆ ಆರು ಪಂದ್ಯ ಬಿಟ್ಟರೆ ಯಾರ ಬಳಿಯೂ ಬೇರೆ ಆಧಾರವಿರಲಿಲ್ಲ. ಎರಡು ಲೀಗ್‌ಗಳ ತಂಡಗಳು ಸಾಮಾನ್ಯ ಋತುವಿನಲ್ಲಿ ಎದುರಾಗತೊಡಗಿದ್ದು 1997ರಲ್ಲಿ. 2023ರಿಂದ ಪ್ರತಿ ತಂಡವೂ ಉಳಿದ 29 ತಂಡಗಳ ಜೊತೆ ಆಡುತ್ತದೆ. ಸೇತುವೆಯ ಕೆಲಸ ಈಗ ಋತುವಿನಲ್ಲೇ ನಡೆದುಹೋಗುತ್ತದೆ.

ವಿಚಿತ್ರವೆಂದರೆ, ಸರಣಿಯಿಂದ ಸಿಗುವ ಹೊಸ ಮಾಹಿತಿ ಕಡಿಮೆಯಾದಂತೆಲ್ಲ ಅಕ್ಟೋಬರ್ ಉದ್ದವಾಯಿತು. 1969ರಲ್ಲಿ ಲೀಗ್‌ಗಳು ಡಿವಿಷನ್‌ಗಳಾಗಿ ಒಡೆದು ಇನ್ನೊಂದು ಸುತ್ತು ಸೇರಿತು. 1995ರಿಂದ ಡಿವಿಷನ್ ಗೆಲ್ಲದ ತಂಡಕ್ಕೂ ವೈಲ್ಡ್ ಕಾರ್ಡ್ ಮೂಲಕ ಪ್ರವೇಶ ಸಿಕ್ಕಿತು. 2012ರಲ್ಲಿ ಎರಡನೆಯ ವೈಲ್ಡ್ ಕಾರ್ಡ್, 2022ರಲ್ಲಿ ಮೂರನೆಯದು. ಎರಡು ತಂಡಗಳ ಮುಖಾಮುಖಿಯಾಗಿದ್ದದ್ದು ಈಗ ಹನ್ನೆರಡು ತಂಡಗಳ ಪ್ಲೇಆಫ್. 1995ರಿಂದ 2025ರವರೆಗಿನ 31 ಋತುಗಳಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ತಂಡ ವರ್ಲ್ಡ್ ಸೀರೀಸನ್ನೂ ಗೆದ್ದದ್ದು ಎಂಟು ಸಲ, ಅದೂ ಸಮ ಸ್ಥಾನ ಹಂಚಿಕೊಂಡ ಎರಡು ವರ್ಷಗಳನ್ನು ಸೇರಿಸಿಕೊಂಡರೆ.

162 ಪಂದ್ಯಗಳನ್ನು ನಂಬುವವರು

ಈ ಚರ್ಚೆಯ ಅತ್ಯಂತ ಹಳೆಯ ಪಕ್ಷ ಇದು. ಬೇಸ್‌ಬಾಲ್ ದಿನನಿತ್ಯದ ಆಟ. ಆರು ತಿಂಗಳು, ಹೆಚ್ಚುಕಡಿಮೆ ಪ್ರತಿದಿನ, ಗಾಯ, ಪ್ರಯಾಣ, ಸೆಕೆ, ಬೇಸರ ಎಲ್ಲದರ ನಡುವೆ ಆಡಬೇಕು. ಯಾರಲ್ಲಿ ಐದನೆಯ ಪಿಚರ್ ಕೂಡ ಚೆನ್ನಾಗಿದ್ದಾನೆ, ಯಾರ ಬೆಂಚಿನಲ್ಲಿ ಬಲವಿದೆ ಎಂಬುದು ಅಲ್ಲಿ ಹೊರಬೀಳುತ್ತದೆ. 2001ರ ಸಿಯಾಟಲ್ ಮ್ಯಾರಿನರ್ಸ್ 116 ಪಂದ್ಯ ಗೆದ್ದು ಹಳೆಯ ಕಬ್ಸ್ ದಾಖಲೆಯನ್ನು ಸರಿಗಟ್ಟಿತು. ಇಚಿರೋ ಸುಜುಕಿ ಅಮೆರಿಕಕ್ಕೆ ಬಂದ ಮೊದಲ ವರ್ಷ ಅದು. ಅಕ್ಟೋಬರ್‌ನಲ್ಲಿ ಯಾಂಕೀಸ್ ಎದುರು 4–1ರಿಂದ ಸೋತ ಕೂಡಲೇ ಆರು ತಿಂಗಳ ಆ ಮಹಾ ಸಾಧನೆ ಅಡಿಟಿಪ್ಪಣಿಯಾಯಿತು. ಇದು ಅನ್ಯಾಯ ಎಂದು ಈ ಪಕ್ಷದವರು ಹೇಳುವಾಗ ನನಗೆ ಎದುರಾಡಲು ಮನಸ್ಸು ಬಾರದು.

ಇವರ ಕೈಯಲ್ಲಿರುವ ಪ್ರಬಲ ಉದಾಹರಣೆ 2022ರದ್ದು. ಆ ಋತುವಿನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ 111 ಗೆದ್ದಿತು, ಅದೇ ಡಿವಿಷನ್ನಿನ ಸ್ಯಾನ್ ಡಿಯೇಗೋ ಪಾಡ್ರೇಸ್ 89. ಇಬ್ಬರೂ 19 ಸಲ ಎದುರಾಗಿ ಡಾಡ್ಜರ್ಸ್ 14 ಗೆದ್ದಿತ್ತು. ಪ್ಲೇಆಫ್‌ನಲ್ಲಿ ಮತ್ತೆ ನಾಲ್ಕು ಪಂದ್ಯ ಆಡಿದರು. ಪಾಡ್ರೇಸ್ ಮೂರು ಗೆದ್ದು ಮುಂದಕ್ಕೆ ಹೋಯಿತು. ಎಲ್ಲ ಸೇರಿಸಿದರೆ 23 ಪಂದ್ಯಗಳಲ್ಲಿ 15–8, ಡಾಡ್ಜರ್ಸ್ ಪರವಾಗಿ. ಆದರೂ ಆ ವರ್ಷ ಪಾಡ್ರೇಸ್ ಡಾಡ್ಜರ್ಸ್‌ಗಿಂತ ಮೇಲು ಎಂದು ಲೆಕ್ಕವಾಯಿತು.

ಆದರೆ ಋತುವಿನ ಪಟ್ಟಿಯೂ ಕಳಂಕವಿಲ್ಲದ ಕನ್ನಡಿಯಲ್ಲ. ದುರ್ಬಲ ಡಿವಿಷನ್ನಿನಲ್ಲಿದ್ದವರಿಗೆ ಗೆಲುವು ಅಗ್ಗ. 1981ರಲ್ಲಿ ಮುಷ್ಕರದಿಂದ ಋತು ಎರಡು ತುಂಡಾಯಿತು. ಪ್ರತಿ ಅರ್ಧದ ವಿಜೇತರಿಗೆ ಮಾತ್ರ ಮುಂದಿನ ದಾರಿ ಎಂದು ನಿಯಮ ಮಾಡಿದರು. ಒಟ್ಟು ಲೆಕ್ಕದಲ್ಲಿ 66–42ರೊಂದಿಗೆ ಎಲ್ಲ ತಂಡಗಳಿಗಿಂತ ಮೇಲಿದ್ದ ಸಿನ್ಸಿನಾಟಿ ರೆಡ್ಸ್ ಎರಡೂ ಅರ್ಧಗಳಲ್ಲಿ ಕೂದಲೆಳೆಯಷ್ಟು ಹಿಂದುಳಿದು ಮನೆಯಲ್ಲೇ ಕುಳಿತಿತು. ಇನ್ನೊಂದು ತೊಡಕು ಕಾಲದ್ದು. 2021ರ ಅಟ್ಲಾಂಟಾ ಬ್ರೇವ್ಸ್ ಆಗಸ್ಟ್ ಬರುವವರೆಗೆ ಸೋತದ್ದಕ್ಕಿಂತ ಹೆಚ್ಚು ಗೆದ್ದ ತಂಡವೇ ಆಗಿರಲಿಲ್ಲ. ಜುಲೈನಲ್ಲಿ ಅವರ ತಾರೆ ರೊನಾಲ್ಡ್ ಅಕೂನ್ಯಾ ಗಾಯಗೊಂಡು ಹೊರಬಿದ್ದ ಮೇಲೆ ಎಡ್ಡಿ ರೊಸಾರಿಯೋ, ಜಾರ್ಜ್ ಸೊಲೇರ್ ಮುಂತಾದವರನ್ನು ಬೇರೆ ತಂಡಗಳಿಂದ ಕೊಂಡು ತಂದರು. ಲೀಗ್ ಫೈನಲ್‌ನಲ್ಲಿ ರೊಸಾರಿಯೋ, ವರ್ಲ್ಡ್ ಸೀರೀಸ್‌ನಲ್ಲಿ ಸೊಲೇರ್ ಸರಣಿಶ್ರೇಷ್ಠರಾದರು. ಏಪ್ರಿಲ್‌ನ ಬ್ರೇವ್ಸ್ ಮತ್ತು ಅಕ್ಟೋಬರ್‌ನ ಬ್ರೇವ್ಸ್ ಎರಡು ಬೇರೆ ತಂಡಗಳು. 88 ಗೆಲುವುಗಳ ಅವರ ಸರಾಸರಿ ಆ ಎರಡರಲ್ಲಿ ಯಾವುದನ್ನೂ ಸರಿಯಾಗಿ ತೋರಿಸುವುದಿಲ್ಲ.

ಲೆಕ್ಕ ಹಾಕಿದವರು ಕಂಡದ್ದು

1946ರಲ್ಲಿ 104 ಪಂದ್ಯ ಗೆದ್ದಿದ್ದ ಬಾಸ್ಟನ್ ರೆಡ್ ಸಾಕ್ಸ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎದುರು ಏಳನೆಯ ಪಂದ್ಯದಲ್ಲಿ ಸೋತಿತು. ಆ ಸೋಲು ಹಾರ್ವರ್ಡ್‌ನ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೋಸ್ಟೆಲ್ಲರ್ ಅವರ ತಲೆಯಲ್ಲಿ ಒಂದು ಪ್ರಶ್ನೆ ಬಿತ್ತಿತು: ಶ್ರೇಷ್ಠ ತಂಡವೇ ಸರಣಿ ಗೆಲ್ಲುವ ಸಂಭವ ಎಷ್ಟು? 1952ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಅಲ್ಲಿಯವರೆಗಿನ ಸರಣಿಗಳನ್ನೆಲ್ಲ ಇಟ್ಟುಕೊಂಡು ಉತ್ತರ ಹುಡುಕಿದರು. ಮೇಲಾದ ತಂಡ ಒಂದು ಪಂದ್ಯ ಗೆಲ್ಲುವ ಸಂಭವ ಸುಮಾರು ಶೇ. 65, ಸರಣಿ ಗೆಲ್ಲುವ ಸಂಭವ ಸುಮಾರು ಶೇ. 80. ಅಂದರೆ ಐದು ವರ್ಷಕ್ಕೊಮ್ಮೆ ಟ್ರೋಫಿ ತಪ್ಪು ಮನೆಗೆ ಹೋಗುತ್ತದೆ. ಕ್ರೀಡೆಯನ್ನು ಗಂಭೀರ ಗಣಿತದ ಕಣ್ಣಿನಿಂದ ನೋಡಿದ ಮೊದಮೊದಲ ಪ್ರಬಂಧಗಳಲ್ಲಿ ಅದೂ ಒಂದು.

ಇಂದಿನ ಪ್ಲೇಆಫ್ ತಂಡಗಳ ನಡುವೆ ಅಷ್ಟು ಅಂತರವಿಲ್ಲ. ಎರಡು ಒಳ್ಳೆಯ ತಂಡಗಳು ಎದುರಾದಾಗ ಮೇಲಾದದ್ದಕ್ಕೆ ಒಂದು ಪಂದ್ಯದಲ್ಲಿ ಶೇ. 55 ಅವಕಾಶ ಎಂದಿಟ್ಟುಕೊಳ್ಳಿ. ಮೂರು ಪಂದ್ಯಗಳ ಸರಣಿಯನ್ನು ಅದು ಗೆಲ್ಲುವುದು ಶೇ. 57ರ ಆಸುಪಾಸು, ಐದು ಪಂದ್ಯಗಳದ್ದಾದರೆ ಶೇ. 59, ಏಳರದ್ದಾದರೆ ಶೇ. 61. ಇಷ್ಟೇ. ಮೇಲಾದ ತಂಡ ಶೇ. 95ರಷ್ಟು ಖಚಿತವಾಗಿ ಗೆಲ್ಲಬೇಕಾದರೆ 269 ಪಂದ್ಯಗಳ ಸರಣಿ ಬೇಕು. ಅದು ಇಡೀ ಋತುವಿಗಿಂತ ಉದ್ದ. ಇನ್ನು ಪ್ರತಿ ಸರಣಿಯಲ್ಲೂ ಶೇ. 60 ಅವಕಾಶವಿರುವ ಬಲಿಷ್ಠ ತಂಡ ಸಾಲಾಗಿ ಮೂರು ಸರಣಿ ಗೆಲ್ಲುವ ಸಂಭವ ನೂರಕ್ಕೆ 22. ಅದೇ ಎಲ್ಲರಿಗಿಂತ ಗೆಲ್ಲುವ ಸಂಭವ ಹೆಚ್ಚಿರುವ ತಂಡವಾಗಿದ್ದರೂ, ಐದರಲ್ಲಿ ನಾಲ್ಕು ವರ್ಷ ಬೇರೆ ಯಾರೋ ಟ್ರೋಫಿ ಎತ್ತುತ್ತಾರೆ.

2018ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಮೈಕೆಲ್ ಲೋಪೆಜ್, ಗ್ರೆಗರಿ ಮ್ಯಾಥ್ಯೂಸ್ ಮತ್ತು ಬೆಂಜಮಿನ್ ಬೌಮರ್ ಅಮೆರಿಕದ ನಾಲ್ಕು ದೊಡ್ಡ ಲೀಗ್‌ಗಳನ್ನು ಒಂದೇ ಅಳತೆಯಲ್ಲಿಟ್ಟು ತೂಗಿದರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಏಳು ಪಂದ್ಯಗಳ ಸರಣಿ ಮೇಲಾದ ತಂಡವನ್ನು ಎಷ್ಟು ನೆಚ್ಚಿಕೆಯಿಂದ ಆರಿಸುತ್ತದೋ ಅಷ್ಟೇ ನೆಚ್ಚಿಕೆ ಬೇಸ್‌ಬಾಲ್‌ನಲ್ಲಿ ಬೇಕಾದರೆ ಸುಮಾರು 75 ಪಂದ್ಯಗಳ ಸರಣಿ ಆಡಿಸಬೇಕಾಗುತ್ತದೆ. ಕಾರಣ ಆಟದ ಒಡಲಲ್ಲೇ ಇದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ತಂಡದ ತಾರೆ ಬಹುಪಾಲು ಹೊತ್ತು ಅಂಗಳದಲ್ಲಿರುತ್ತಾನೆ, ಪಂದ್ಯಕ್ಕೆ ನೂರರಷ್ಟು ಅಂಕ ಬೀಳುತ್ತವೆ. ಬೇಸ್‌ಬಾಲ್‌ನಲ್ಲಿ ಎಂಥ ಬ್ಯಾಟರ್ ಆದರೂ ಒಂಬತ್ತು ಜನರ ಸರದಿ ಮುಗಿಯುವವರೆಗೆ ಕಾಯಬೇಕು. ಪಂದ್ಯಕ್ಕೆ ನಾಲ್ಕೈದು ರನ್. ಗಟ್ಟಿಯಾಗಿ ಹೊಡೆದ ಚೆಂಡು ಫೀಲ್ಡರ್ ಕೈಗೆ ಹೋಗುತ್ತದೆ, ತಾಗಿಯೂ ತಾಗದಂತೆ ಬಿದ್ದದ್ದು ಹುಲ್ಲಿನಲ್ಲಿ ಜಾಗ ಹುಡುಕಿಕೊಳ್ಳುತ್ತದೆ.

ಬೇಸ್‌ಬಾಲ್ ಅಂಕಿಅಂಶಗಳ ವಿಶ್ಲೇಷಕ ಬಿಲ್ ಜೇಮ್ಸ್ ಇನ್ನೊಂದು ದಾರಿ ತೆರೆದರು. ಗೆಲುವಿನ ಸಂಖ್ಯೆಗಿಂತ ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳು ತಂಡದ ನಿಜವಾದ ಬಲವನ್ನು ತೋರಿಸುತ್ತವೆ ಎಂಬುದು ಅವರ ಸೂತ್ರದ ತಿರುಳು. ಎರಡರ ವರ್ಗಗಳ ಅನುಪಾತದಿಂದ ನಿರೀಕ್ಷಿತ ಗೆಲುವು ತೆಗೆಯಬಹುದು. 1987ರ ಮಿನೆಸೋಟ ಟ್ವಿನ್ಸ್ 786 ರನ್ ಗಳಿಸಿ 806 ಬಿಟ್ಟುಕೊಟ್ಟಿತ್ತು. ಸೂತ್ರದಂತೆ 79 ಗೆಲುವಿನ ತಂಡ. ನಿಜಕ್ಕೂ ಗೆದ್ದದ್ದು 85. ಗುಮ್ಮಟದಡಿಯ ತಮ್ಮ ಸ್ವಂತ ಮೈದಾನದಲ್ಲಿ 56–25, ಹೊರಗೆ 29–52. ವರ್ಲ್ಡ್ ಸೀರೀಸ್‌ನಲ್ಲಿ ತವರಿನ ನಾಲ್ಕು ಪಂದ್ಯ ಗೆದ್ದು, ಹೊರಗಿನ ಮೂರೂ ಸೋತು ಚಾಂಪಿಯನ್ ಆಯಿತು. 2006ರ ಕಾರ್ಡಿನಲ್ಸ್ ಬರೀ 83 ಗೆಲುವಿನೊಂದಿಗೆ ಅದೇ ಪಟ್ಟಕ್ಕೇರಿತು.

ಈ ಪಕ್ಷದ ಮಾತಿಗೆ ಒಂದು ಮಗ್ಗುಲಿದೆ; ಅದನ್ನು ಋತುವಾದಿಗಳು ಕೇಳಿಸಿಕೊಳ್ಳಲು ಇಷ್ಟಪಡುವುದಿಲ್ಲ. ಅದೃಷ್ಟ ಅಕ್ಟೋಬರ್‌ಗೆ ಮಾತ್ರ ಸೀಮಿತವಲ್ಲ. ಮೂವತ್ತು ತಂಡಗಳೂ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ಸಮಬಲದವು ಎಂದುಕೊಂಡು ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮಿ ತೀರ್ಮಾನಿಸಿದರೂ, 162 ಪಂದ್ಯಗಳ ಕೊನೆಗೆ ಮೊದಲ ಸ್ಥಾನದ ತಂಡದ ಹೆಸರಿನಲ್ಲಿ ಸುಮಾರು 94 ಗೆಲುವುಗಳಿರುತ್ತವೆ. ವಾಸ್ತವದಲ್ಲಿ ತಂಡಗಳ ನಡುವಿನ ಅಂತರ ಇದಕ್ಕಿಂತ ದೊಡ್ಡದು, ಆದ್ದರಿಂದ ಪಟ್ಟಿ ಅರ್ಥಹೀನವಲ್ಲ. ಆದರೆ 97 ಗೆದ್ದ ತಂಡ 93 ಗೆದ್ದ ತಂಡಕ್ಕಿಂತ ಮೇಲು ಎಂದು ಎದೆ ತಟ್ಟಿ ಹೇಳುವವರು ಕೂಡ ತಮ್ಮ ಕೈಯಲ್ಲಿರುವ ಸಾಕ್ಷ್ಯಕ್ಕಿಂತ ಹೆಚ್ಚು ಹೇಳುತ್ತಿದ್ದಾರೆ. 2025ರಲ್ಲಿ ಮಿಲ್ವಾಕಿ ಬ್ರೂವರ್ಸ್ 97, ಡಾಡ್ಜರ್ಸ್ 93. ಪ್ಲೇಆಫ್‌ನಲ್ಲಿ ಡಾಡ್ಜರ್ಸ್ 4–0ಯಿಂದ ಅವರನ್ನು ಮಣಿಸಿತು. ಅಲ್ಲಿ ಶ್ರೇಷ್ಠರು ಸೋತರು ಎನ್ನಲು ನಾನು ಸಿದ್ಧನಿಲ್ಲ.

ಅಕ್ಟೋಬರ್ ಬೇರೆಯೇ ಆಟ ಎನ್ನುವವರು

ಮೈದಾನಕ್ಕೆ ಇಳಿದವರಲ್ಲಿ ಹೆಚ್ಚಿನವರು ಈ ಪಕ್ಷದವರು. ಅವರ ವಾದದಲ್ಲಿ ಎರಡು ಎಳೆಗಳಿವೆ, ಬಿಡಿಸಿ ನೋಡುವುದು ಒಳ್ಳೆಯದು.

ಒಂದನೆಯದು ತಂಡ ಕಟ್ಟುವ ಬಗೆ. ಋತುವಿನಲ್ಲಿ ಐವರು ಪಿಚರ್‌ಗಳು ಸರದಿಯಂತೆ ಪಂದ್ಯ ಶುರುಮಾಡುತ್ತಾರೆ. ಪ್ಲೇಆಫ್‌ನಲ್ಲಿ ನಡುನಡುವೆ ಬಿಡುವಿನ ದಿನಗಳಿರುವುದರಿಂದ ಮೂವರು ಸಾಕು. ಉತ್ತಮರು ಹೆಚ್ಚು ಎಸೆಯುತ್ತಾರೆ, ಐದನೆಯವನು ಬೆಂಚಿನಲ್ಲಿ ಕೂರುತ್ತಾನೆ. 2001ರಲ್ಲಿ ಅರಿಜೋನ ಡೈಮಂಡ್‌ಬ್ಯಾಕ್ಸ್‌ನ ರ್‍ಯಾಂಡಿ ಜಾನ್ಸನ್, ಕರ್ಟ್ ಶಿಲ್ಲಿಂಗ್ ಇಬ್ಬರೇ ಯಾಂಕೀಸನ್ನು ಕಟ್ಟಿಹಾಕಿ ಸರಣಿಶ್ರೇಷ್ಠ ಪ್ರಶಸ್ತಿ ಹಂಚಿಕೊಂಡರು. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಮ್ಯಾಡಿಸನ್ ಬಮ್‌ಗಾರ್ನರ್ ವರ್ಲ್ಡ್ ಸೀರೀಸ್‌ನಲ್ಲಿ 21 ಇನಿಂಗ್ಸ್ ಎಸೆದು ಬಿಟ್ಟುಕೊಟ್ಟದ್ದು ಒಂದೇ ರನ್. ಐದನೆಯ ಪಂದ್ಯ ಪೂರ್ತಿ ಎಸೆದು, ಎರಡೇ ದಿನದ ವಿಶ್ರಾಂತಿಯ ಮೇಲೆ ಏಳನೆಯ ಪಂದ್ಯದಲ್ಲಿ ಮತ್ತೆ ಐದು ಇನಿಂಗ್ಸ್ ಎಸೆದರು. 88 ಗೆಲುವಿನ ತಂಡ ಅವರ ಭುಜದ ಮೇಲೆ ಕುಳಿತು ಚಾಂಪಿಯನ್ ಆಯಿತು. ಋತುವಿನ ಸರಾಸರಿ ಇಂಥ ಬಲವನ್ನು ಮರೆಮಾಚುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಇದಕ್ಕೆ ಎದುರು ಸಾಕ್ಷಿಯೂ ಅಷ್ಟೇ ಬಲವಾದದ್ದು: ಗ್ರೆಗ್ ಮ್ಯಾಡಕ್ಸ್, ಟಾಮ್ ಗ್ಲ್ಯಾವಿನ್, ಜಾನ್ ಸ್ಮೋಲ್ಟ್ಸ್. ಮೂವರೂ ಹಾಲ್ ಆಫ್ ಫೇಮ್ ಸೇರಿದ ಪಿಚರ್‌ಗಳು. ಅವರು ಕೂಡಿ ಆಡಿದ ಬ್ರೇವ್ಸ್ ವರ್ಲ್ಡ್ ಸೀರೀಸ್ ಗೆದ್ದದ್ದು 1995ರಲ್ಲಿ ಒಂದೇ ಸಲ.

ಎರಡನೆಯ ಎಳೆ ಮನಸ್ಸಿನದ್ದು. ಒತ್ತಡದ ಗಳಿಗೆಯಲ್ಲಿ ಕೆಲವರು ಅರಳುತ್ತಾರೆ, ಕೆಲವರು ಮುದುಡುತ್ತಾರೆ ಎಂಬ ನಂಬಿಕೆ. 1977ರ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದಲ್ಲಿ ಯಾಂಕೀಸ್‌ನ ರೆಜಿ ಜಾಕ್ಸನ್ ಮೂರು ಎಸೆತಗಳಿಗೆ ಮೂರು ಹೋಮ್ ರನ್ ಹೊಡೆದದ್ದನ್ನು ನೆನೆದರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಅದೇ 1977ರಲ್ಲಿ ಡಿಕ್ ಕ್ರೇಮರ್ ಎಂಬ ಸಂಶೋಧಕರು ಒಂದು ವರ್ಷ ನಿರ್ಣಾಯಕ ಗಳಿಗೆಗಳಲ್ಲಿ ಮಿಂಚಿದ ಬ್ಯಾಟರ್‌ಗಳು ಮರುವರ್ಷವೂ ಹಾಗೆಯೇ ಮಿಂಚುತ್ತಾರೆಯೇ ಎಂದು ಪರೀಕ್ಷಿಸಿ, ಅಂಥ ಸಂಬಂಧ ಕಾಣುವುದಿಲ್ಲ ಎಂದು ತೋರಿಸಿದರು. ಬಹುಕಾಲ ಅದೇ ಕೊನೆಯ ಮಾತಾಗಿತ್ತು. ಮುಂದೆ ಬಿಲ್ ಜೇಮ್ಸ್ ಅವರೇ ತಮ್ಮ ಹಳೆಯ ನಿಲುವನ್ನು ಸಡಿಲಿಸಿ, ಈ ಬಗೆಯ ಪರೀಕ್ಷೆಗಳು ಅಂಥ ಗುಣವನ್ನು ಹಿಡಿಯುವಷ್ಟು ಸೂಕ್ಷ್ಮವೇ ಅಲ್ಲದಿರಬಹುದು, ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ ಎಂದು ವಾದಿಸಿದರು. ಈ ತಿದ್ದುಪಡಿ ನನಗೆ ಮುಖ್ಯವೆನಿಸುತ್ತದೆ. ಆದರೆ ಅಷ್ಟು ಸಣ್ಣ ಗುಣ ಇದ್ದರೂ ಅದು ಏಳು ಪಂದ್ಯಗಳ ಏರಿಳಿತವನ್ನು ಮೀರುವಷ್ಟು ದೊಡ್ಡದಲ್ಲ.

ಪಟ್ಟವೇ ಬೇರೆ, ಶ್ರೇಷ್ಠತೆಯೇ ಬೇರೆ

ನಾಲ್ಕನೆಯ ಪಕ್ಷ ಪ್ರಶ್ನೆಯನ್ನೇ ಒಡೆದು ಹಾಕುತ್ತದೆ. ಚಾಂಪಿಯನ್ ಎಂದರೆ ಎಲ್ಲರೂ ಮೊದಲೇ ಒಪ್ಪಿದ ನಿಯಮದಂತೆ ಕೊನೆಗೆ ಉಳಿದ ತಂಡ. ಅದು ಏನನ್ನೂ ಸಾಬೀತುಪಡಿಸಬೇಕಿಲ್ಲ. ಶ್ರೇಷ್ಠ ತಂಡವನ್ನು ಪತ್ತೆಹಚ್ಚುವುದೇ ಗುರಿಯಾಗಿದ್ದರೆ ಸೆಪ್ಟೆಂಬರ್ ಕೊನೆಗೆ ಪಟ್ಟಿ ನೋಡಿ ಮನೆಗೆ ಹೋಗಬಹುದಿತ್ತು. ಜನ ಅಕ್ಟೋಬರ್‌ಗಾಗಿ ಕಾಯುವುದೇ ಏನಾಗುವುದೋ ಗೊತ್ತಿಲ್ಲ ಎಂಬ ಕಾರಣಕ್ಕೆ.

ಕ್ರೀಡೆಯ ತತ್ವಶಾಸ್ತ್ರ ಬರೆಯುವವರು ಇದನ್ನು ಇನ್ನಷ್ಟು ಹಿಂಜಿದ್ದಾರೆ. ನಿಕೋಲಸ್ ಡಿಕ್ಸನ್ 1999ರ ಲೇಖನವೊಂದರಲ್ಲಿ ಗೆಲುವು ಮತ್ತು ಶ್ರೇಷ್ಠತೆ ಬೇರೆಯಾಗುವ ಸಂದರ್ಭಗಳನ್ನು ವಿಂಗಡಿಸಿದರು: ಅಂಪೈರ್ ತಪ್ಪು, ಮೋಸ, ದುರದೃಷ್ಟ, ಬಲ್ಲವರು ಅಂದು ಕಳಪೆಯಾಗಿ ಆಡುವುದು. ಬೇಸ್‌ಬಾಲ್‌ನಲ್ಲಿ ಇವೆಲ್ಲಕ್ಕೂ ಉದಾಹರಣೆಗಳಿವೆ. 1985ರ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಕಾರ್ಡಿನಲ್ಸ್ 1–0ಯಿಂದ ಮುಂದಿತ್ತು. ಟ್ರೋಫಿಗೆ ಮೂರೇ ಔಟ್ ದೂರ. ಕ್ಯಾನ್ಸಸ್ ಸಿಟಿ ರಾಯಲ್ಸ್‌ನ ಹೋರ್ಹೆ ಓರ್ಟಾ ಮೊದಲ ಬೇಸ್ ಮುಟ್ಟುವ ಮೊದಲೇ ಚೆಂಡು ಬಂದಿತ್ತು. ಅಂಪೈರ್ ಡಾನ್ ಡೆಂಕಿಂಜರ್ ನಾಟ್ ಔಟ್ ಎಂದರು. ರಾಯಲ್ಸ್ ಆ ಪಂದ್ಯ 2–1ರಿಂದ, ಮರುದಿನದ್ದನ್ನು 11–0ಯಿಂದ ಗೆದ್ದಿತು. ಇಂದಾಗಿದ್ದರೆ ವಿಡಿಯೋ ನೋಡಿ ತೀರ್ಪು ತಿದ್ದುತ್ತಿದ್ದರು. ಮೋಸದ ಕಥೆ ಇನ್ನೂ ಗೋಜಲು. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಕ್ಯಾಮೆರಾ ಬಳಸಿ ಎದುರಾಳಿ ಕ್ಯಾಚರ್‌ನ ಸಂಜ್ಞೆ ಕದ್ದು, ಕಸದ ಡಬ್ಬ ಬಡಿದು ತಮ್ಮ ಬ್ಯಾಟರ್‌ಗೆ ತಿಳಿಸುತ್ತಿತ್ತು ಎಂದು 2020ರ ಜನವರಿಯಲ್ಲಿ ತನಿಖೆ ಹೇಳಿತು. 50 ಲಕ್ಷ ಡಾಲರ್ ದಂಡ ಬಿತ್ತು, ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಇಬ್ಬರೂ ಒಂದು ವರ್ಷ ಅಮಾನತಾಗಿ ಕೆಲಸ ಕಳೆದುಕೊಂಡರು. ಪಟ್ಟ ಮಾತ್ರ ಉಳಿಯಿತು. ಆ ತಂಡ 101 ಪಂದ್ಯ ಗೆದ್ದಿತ್ತು. ಕದಿಯದೆಯೇ ಎಷ್ಟು ಗೆಲ್ಲುತ್ತಿತ್ತು ಎಂದು ಯಾವ ಸೂತ್ರವೂ ಹೇಳಲಾರದು.

ಮಾತಿಗೆ ಈ ನಾಲ್ಕನೆಯ ನಿಲುವನ್ನು ಎಲ್ಲರೂ ಒಪ್ಪುತ್ತಾರೆ, ನಡೆಯಲ್ಲಿ ಪಾಲಿಸುವವರು ಕಡಿಮೆ. ನನ್ನ ತಕರಾರು ಇರುವುದು ಇಲ್ಲಿ. ಟ್ರೋಫಿ ಬಂದ ಮೇಲೆ ಗೆದ್ದೆತ್ತಿನ ಬಾಲ ಹಿಡಿಯುವುದು ಶುರುವಾಗುತ್ತದೆ: ಅವರ ಡ್ರೆಸಿಂಗ್ ರೂಮಿನ ಒಗ್ಗಟ್ಟು, ಮ್ಯಾನೇಜರ್‌ನ ಮುಂದಾಲೋಚನೆ, ಆಟಗಾರರ ಗುಂಡಿಗೆ. ಸೋತವರಿಗೆ ಅದರ ವಿರುದ್ಧದ ಹಣೆಪಟ್ಟಿ. ಮ್ಯಾನೇಜರ್ ಬಾಬಿ ಕಾಕ್ಸ್ ಅವರ ಕೈಯಲ್ಲಿ ಬ್ರೇವ್ಸ್ 1991ರಿಂದ 2005ರವರೆಗೆ, ಮುಷ್ಕರದಿಂದ ಅರ್ಧಕ್ಕೆ ನಿಂತ 1994 ಬಿಟ್ಟು, ಸತತ ಹದಿನಾಲ್ಕು ಸಲ ಡಿವಿಷನ್ ಗೆದ್ದಿತು. ಸಾವಿರಾರು ಪಂದ್ಯಗಳ ಸಾಕ್ಷ್ಯ ಅದು. ಆದರೂ ಅವರನ್ನು ಬಹುಜನ ನೆನೆಯುವುದು ಅಕ್ಟೋಬರ್‌ನಲ್ಲಿ ಎಡವಿದ ತಂಡವೆಂದು. 2002ರಲ್ಲಿ ಓಕ್ಲಂಡ್ ಅಥ್ಲೆಟಿಕ್ಸ್ ಸಣ್ಣ ಬಜೆಟ್ಟಿನಲ್ಲಿ 103 ಗೆದ್ದು, ನಡುವೆ ಸಾಲಾಗಿ 20 ಗೆದ್ದು, ಐದು ಪಂದ್ಯಗಳ ಸರಣಿಯಲ್ಲಿ ಸೋತಾಗ ಅವರ ಇಡೀ ವಿಧಾನವೇ ಸುಳ್ಳು ಎಂದವರಿದ್ದರು. ಐದು ಪಂದ್ಯಗಳಿಗೆ ಅಷ್ಟು ಮಾತು ಹೇಳುವ ಶಕ್ತಿಯಿಲ್ಲ.

ಯಾರೊಳಗೆ ಶ್ರೇಷ್ಠರು?

ಈ ನಾಲ್ಕೂ ಪಕ್ಷಗಳು ಹೆಚ್ಚಾಗಿ ದಾಟಿಹೋಗುವ ಇನ್ನೊಂದು ವಿಷಯವಿದೆ. 1947ರಲ್ಲಿ ಜಾಕಿ ರಾಬಿನ್‌ಸನ್ ಡಾಡ್ಜರ್ಸ್ ಪರವಾಗಿ ಕಣಕ್ಕಿಳಿಯುವವರೆಗೆ ಕರಿಯ ಆಟಗಾರರಿಗೆ ಆ ಎರಡು ಲೀಗ್‌ಗಳ ಬಾಗಿಲು ಮುಚ್ಚಿತ್ತು. ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್ ಅಂಥವರು ನೀಗ್ರೋ ಲೀಗ್‌ಗಳಲ್ಲಿ ಆಡಿದರು. ಆ ಲೀಗ್‌ಗಳಿಗೂ ತಮ್ಮದೇ ವರ್ಲ್ಡ್ ಸೀರೀಸ್ ಇತ್ತು. 1943 ಮತ್ತು 1944ರಲ್ಲಿ ಅದನ್ನು ಗೆದ್ದದ್ದು ಗಿಬ್ಸನ್ ಇದ್ದ ಹೋಮ್‌ಸ್ಟೆಡ್ ಗ್ರೇಸ್. 2024ರಲ್ಲಿ ಆ ಲೀಗ್‌ಗಳ ಅಂಕಿಅಂಶಗಳನ್ನು ಮೇಜರ್ ಲೀಗ್ ತನ್ನ ಅಧಿಕೃತ ದಾಖಲೆಗೆ ಸೇರಿಸಿಕೊಂಡಿತು, ಗಿಬ್ಸನ್ .372 ಸರಾಸರಿಯೊಂದಿಗೆ ಸಾರ್ವಕಾಲಿಕ ಬ್ಯಾಟಿಂಗ್ ಪಟ್ಟಿಯ ಮೊದಲಿಗರಾದರು. ಆದರೆ 1943ರ ಯಾಂಕೀಸ್ ಗ್ರೇಸ್‌ಗಿಂತ ಮೇಲಾಗಿತ್ತೇ ಎಂದು ತಿಳಿಯಲು ಸೇತುವೆಯೇ ಇಲ್ಲ, ಅದನ್ನು ಕಟ್ಟಗೊಡಲಿಲ್ಲ. 1947ಕ್ಕೆ ಮುಂಚಿನ ಯಾವ ಚಾಂಪಿಯನ್ ತಂಡವನ್ನೂ ದೇಶದ ಶ್ರೇಷ್ಠ ತಂಡವೆಂದು ಬರೆಯಲು ನನಗೆ ಧೈರ್ಯ ಸಾಲದು.

ಕಡಲಾಚೆಯ ಬೇರೆ ಏರ್ಪಾಡುಗಳು

ಋತುವಿಗೂ ಬೆಲೆ ಇರಬೇಕು, ಕುತೂಹಲವೂ ಉಳಿಯಬೇಕು ಎಂಬ ಇಕ್ಕಟ್ಟಿಗೆ ಏಷ್ಯಾದ ಲೀಗ್‌ಗಳು ಹುಡುಕಿಕೊಂಡ ಉತ್ತರಗಳು ಗಮನಿಸತಕ್ಕವು. ಕೊರಿಯಾದಲ್ಲಿ ಪ್ಲೇಆಫ್ ಏಣಿಯಂತಿದೆ. ಮೊದಲ ಸ್ಥಾನದ ತಂಡ ಏಣಿಯ ತುದಿಯಲ್ಲಿ ಕುಳಿತಿರುತ್ತದೆ. ಉಳಿದವರು ಕೆಳಗಿನಿಂದ ಒಬ್ಬರನ್ನೊಬ್ಬರು ಸೋಲಿಸುತ್ತ ಹತ್ತಿ, ದಣಿದು, ಅದನ್ನು ಫೈನಲ್‌ನಲ್ಲಿ ಎದುರಿಸಬೇಕು. ಬಹುಪಾಲು ವರ್ಷ ಮೊದಲ ಸ್ಥಾನದವರೇ ಗೆಲ್ಲುತ್ತಾರೆ. ಜಪಾನ್‌ನಲ್ಲಿ ಲೀಗ್ ಪಟ್ಟ ಋತುವಿನಲ್ಲಿ ಮೊದಲು ಬಂದವರಿಗೇ ಸಲ್ಲುತ್ತದೆ, ಆಮೇಲೆ ಏನಾದರೂ ಆಗಲಿ. ಕ್ಲೈಮ್ಯಾಕ್ಸ್ ಸೀರೀಸ್ ಎಂಬ ಪ್ಲೇಆಫ್‌ನ ಕೊನೆಯ ಹಂತದಲ್ಲಿ ಅವರಿಗೆ ಒಂದು ಗೆಲುವನ್ನು ಮುಂಗಡವಾಗಿಯೇ ಬರೆದುಕೊಡುತ್ತಾರೆ. ನಮ್ಮ ಐಪಿಎಲ್‌ನಲ್ಲಿ ಮೊದಲೆರಡು ತಂಡಗಳಿಗೆ ಒಮ್ಮೆ ಸೋತರೂ ಇನ್ನೊಂದು ಅವಕಾಶ ಕೊಡುವುದರ ಹಿಂದಿರುವುದೂ ಇದೇ ವಿಚಾರ.

ಆದರೂ 2024ರಲ್ಲಿ ಜಪಾನ್‌ನ ಏರ್ಪಾಡು ತತ್ತರಿಸಿತು. ಸೆಂಟ್ರಲ್ ಲೀಗ್‌ನಲ್ಲಿ 71 ಗೆದ್ದು 69 ಸೋತು ಮೂರನೆಯ ಸ್ಥಾನಕ್ಕೆ ಬಂದ ಯೊಕೊಹಾಮಾ ಡಿಎನ್‌ಎ ಬೇಸ್ಟಾರ್ಸ್, ಹಾನ್‌ಶಿನ್ ಮತ್ತು ಲೀಗ್ ಗೆದ್ದ ಯೊಮಿಯುರಿ ತಂಡಗಳನ್ನು ದಾಟಿ, 91 ಪಂದ್ಯ ಗೆದ್ದಿದ್ದ ಸಾಫ್ಟ್‌ಬ್ಯಾಂಕ್ ಹಾಕ್ಸ್ ಎದುರು ಮೊದಲೆರಡು ಪಂದ್ಯ ಸೋತು, ಮುಂದಿನ ನಾಲ್ಕನ್ನೂ ಗೆದ್ದು ಜಪಾನ್ ಸೀರೀಸ್ ಎತ್ತಿಕೊಂಡಿತು.

ಇನ್ನೂ ಬಗೆಹರಿಯದ್ದು

ಏಳು ಪಂದ್ಯಗಳು ಶ್ರೇಷ್ಠತೆಗೆ ಗಟ್ಟಿ ಪುರಾವೆಯಲ್ಲ ಎಂಬುದು ಇತ್ಯರ್ಥವಾಗಿದೆ ಎಂದೇ ನನ್ನ ಅಭಿಪ್ರಾಯ. ಅದು ಪುರಾವೆಯೇ ಅಲ್ಲ ಎನ್ನುವುದೂ ತಪ್ಪು. ಎಷ್ಟು ತೂಕದ್ದು ಎಂಬಲ್ಲಿ ಜಗಳ ಮುಂದುವರಿದಿದೆ. ಅಕ್ಟೋಬರ್‌ನಲ್ಲಿ ಆಡುವುದು ಉತ್ತಮ ಪಿಚರ್‌ಗಳೇ ಆದ್ದರಿಂದ ಅಲ್ಲಿನ ಒಂದು ಗೆಲುವನ್ನು ಮೇ ತಿಂಗಳ ಒಂದು ಗೆಲುವಿಗಿಂತ ಹೆಚ್ಚಾಗಿ ಎಣಿಸಬೇಕೆ? ಹೌದು ಎನ್ನಲು ಕಾರಣಗಳಿವೆ, ಎಷ್ಟು ಹೆಚ್ಚು ಎಂಬುದಕ್ಕೆ ಒಪ್ಪಿತ ಅಳತೆಯಿಲ್ಲ. ನಡುಋತುವಿನಲ್ಲಿ ಅರ್ಧ ತಂಡವೇ ಬದಲಾದಾಗ ಯಾವ ತಂಡವನ್ನು ಅಳೆಯುತ್ತಿದ್ದೇವೆ ಎಂಬುದಕ್ಕೂ ಇಲ್ಲ.

ವಿಶ್ರಾಂತಿಯ ಪ್ರಶ್ನೆ ಹೊಸದು. 2022ರಿಂದ ಪ್ರತಿ ಲೀಗ್‌ನ ಮೊದಲೆರಡು ಡಿವಿಷನ್ ವಿಜೇತರಿಗೆ ಮೊದಲ ಸುತ್ತಿನಿಂದ ವಿನಾಯಿತಿ. ಐದಾರು ದಿನ ಆಟವಿಲ್ಲ. ದಿನವೂ ಆಡುವ ಬ್ಯಾಟರ್‌ಗಳ ಕೈ ಆ ಬಿಡುವಿನಲ್ಲಿ ಮೊಂಡಾಗುತ್ತದೆಯೇ? 2023ರಲ್ಲಿ 104 ಗೆದ್ದ ಬ್ರೇವ್ಸ್, 101 ಗೆದ್ದ ಬಾಲ್ಟಿಮೋರ್ ಓರಿಯೋಲ್ಸ್, 100 ಗೆದ್ದ ಡಾಡ್ಜರ್ಸ್ ಮೂರೂ ತಮ್ಮ ಮೊದಲ ಸರಣಿಯಲ್ಲೇ ಹೊರಬಿದ್ದಾಗ ಬಹುಮಾನವೇ ಶಿಕ್ಷೆಯಾಯಿತು ಎಂಬ ಕೂಗೆದ್ದಿತು. ಮುಂದಿನೆರಡು ವರ್ಷ ವಿನಾಯಿತಿ ಪಡೆದ ಎಂಟು ತಂಡಗಳಲ್ಲಿ ಆರು ಗೆದ್ದವು. ನಾಲ್ಕು ವರ್ಷಗಳ ಒಟ್ಟು ಲೆಕ್ಕ 9 ಗೆಲುವು, 7 ಸೋಲು. ಇಷ್ಟರಿಂದ ಯಾವ ಕಡೆಗೂ ತೀರ್ಪು ಬರೆಯಲಾಗದು.

ಇದರ ನಡುವೆ ಡಾಡ್ಜರ್ಸ್ 2024 ಮತ್ತು 2025ರಲ್ಲಿ ಸಾಲಾಗಿ ಗೆದ್ದಿತು. 1998–2000ರ ಯಾಂಕೀಸ್ ನಂತರ ಯಾರಿಗೂ ಅದು ಒಲಿದಿರಲಿಲ್ಲ. ಎರಡು ವರ್ಷಗಳ ಏಳು ಸರಣಿಗಳನ್ನು ಒಟ್ಟಿಗೆ ಇಟ್ಟರೆ ಸಾಕ್ಷ್ಯ ಗಟ್ಟಿಯಾಗುತ್ತದೆ ಎನ್ನುವವರಿದ್ದಾರೆ. 2025ರ ಫೈನಲ್‌ನಲ್ಲಿ ಟೊರಾಂಟೊ ಬ್ಲೂ ಜೇಸ್ 34 ರನ್, ಡಾಡ್ಜರ್ಸ್ 26. ಒಂದು ಪಂದ್ಯ 18 ಇನಿಂಗ್ಸ್‌ಗೆ, ಕೊನೆಯದು 11 ಇನಿಂಗ್ಸ್‌ಗೆ ಹೋಗಿ ಒಂದೊಂದು ರನ್ನಿನಿಂದ ತೀರ್ಮಾನವಾದವು ಎಂದು ಇನ್ನೊಂದು ಕಡೆಯವರು ತೋರಿಸುತ್ತಾರೆ. ತಂಡಗಳ ಸಂಖ್ಯೆಯನ್ನು 30ರಿಂದ 32ಕ್ಕೆ ಏರಿಸುವ ಮಾತನ್ನು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಹಲವು ಸಲ ಆಡಿದ್ದಾರೆ. ಹಾಗಾದರೆ ಡಿವಿಷನ್‌ಗಳನ್ನೂ ಪ್ಲೇಆಫನ್ನೂ ಮತ್ತೆ ಕೂಡಿಸಿ ಕಟ್ಟಬೇಕಾಗುತ್ತದೆ. ಆಗ ಅಕ್ಟೋಬರ್‌ಗೆ ಇನ್ನಷ್ಟು ತಂಡಗಳನ್ನು ಬಿಡಬೇಕೆ, ಮೊದಲ ಸ್ಥಾನಕ್ಕೆ ಜಪಾನ್‌ನಂತೆ ಒಂದು ಗೆಲುವಿನ ಮುಂಗಡ ಕೊಡಬೇಕೆ, 162 ಪಂದ್ಯಗಳ ದುಡಿಮೆಗೆ ಟ್ರೋಫಿಯೊಂದನ್ನು ಪ್ರತ್ಯೇಕವಾಗಿ ಇಡಬೇಕೆ ಎಂಬ ಮೂರೂ ಪ್ರಶ್ನೆಗಳು ಮಾಲೀಕರ ಮತ್ತು ಆಟಗಾರರ ಸಂಘದ ಮೇಜಿನ ಮೇಲೆ ಬರಲೇಬೇಕು.